ಥಳಥಳ, ಫಳಫಳ, ಬ್ಲಿಂಗ್‌ಬ್ಲಿಂಗ್

ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಆದರೂ ಕನ್ನಡದಲ್ಲಿ ಅದು ಥಳಥಳ ಅನ್ನುತ್ತದೆ. ಹೊಸ ಸ್ಟೀಲ್ ಪಾತ್ರೆ ಫಳಫಳ, ದೂರದ ದೀಪ ಮಿಣಮಿಣ, ಜರಿ ಸೀರೆ ಝಗಝಗ, ಎಣ್ಣೆ ಹಚ್ಚಿ ಬಾಚಿದ ಕೂದಲು ಮಿರಮಿರ. ಕಣ್ಣಿಗೆ ಕಂಡದ್ದನ್ನು ಕಿವಿಗೆ ಕೇಳಿಸುವಂತೆ ಹೇಳುವ ಇಂಥ ಮಾತುಗಳಿಗೆ ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂಬ ಭಾರದ ಹೆಸರಿದೆ. ಪರೀಕ್ಷೆಯಲ್ಲಿ ಎರಡು ಉದಾಹರಣೆ ಬರೆದು ಮುಂದೆ ಹೋಗುತ್ತೇವೆ, ಆಮೇಲೆ ಜೀವನವಿಡೀ ಗೊತ್ತಿಲ್ಲದೆಯೇ ಬಳಸುತ್ತೇವೆ. ಸದ್ದಿಲ್ಲದ್ದಕ್ಕೆ ಸದ್ದು ಕಟ್ಟುವುದು ನಮಗೆ ಅಷ್ಟು ಸಲೀಸು.

ಇಂಗ್ಲಿಷಿಗೆ ಈ ವಿಷಯದಲ್ಲಿ ಸ್ವಲ್ಪ ಬಡತನ. ಗಂಟೆಗೆ, ಗುಂಡಿಗೆ, ಜೇನುನೊಣಕ್ಕೆ ಅಲ್ಲಿ ಬೇಕಾದಷ್ಟು ಸದ್ದಿನ ಪದಗಳುಂಟು. ಬೆಳಕಿಗೆ, ವಾಸನೆಗೆ, ಉರಿಗೆ ಸದ್ದು ಕೊಡುವ ಪದಗಳು ಕಡಿಮೆ. ಅಂಥ ಭಾಷೆಯಲ್ಲಿ 1999ರಲ್ಲಿ ಒಂದು ಪದ ಮನೆಮಾತಾಯಿತು: ಬ್ಲಿಂಗ್ ಬ್ಲಿಂಗ್, ಅಂದರೆ ಕಣ್ಣು ಕುಕ್ಕುವ ಒಡವೆ ಮತ್ತು ಅದರ ಹೊಳಪು. ಟಿವಿ ಜಾಹೀರಾತಿನಲ್ಲಿ ನಗುವವನ ಹಲ್ಲು ಮಿಂಚಿದಾಗ ‘ಟಿಂಗ್’ ಅಂತ ಒಂದು ಸದ್ದು ಹಾಕುತ್ತಾರಲ್ಲ, ಅದೇ ಜಾತಿಯದು. ವಜ್ರಕ್ಕೆ ಬೆಳಕು ತಾಗಿ ಎದುರಿಗಿದ್ದವರ ಕಣ್ಣಿಗೆ ಹೊಡೆಯುವ ಗಳಿಗೆಗೆ ಸದ್ದಿದ್ದಿದ್ದರೆ ಹೇಗಿರುತ್ತಿತ್ತೋ ಹಾಗೆ. ಜೋಡಿಯಾಗಿ ಹೇಳಿದರಂತೂ ನಮ್ಮ ಥಳಥಳದ ಒಡಹುಟ್ಟು.

ಇವತ್ತು ಇಂಗ್ಲಿಷ್ ಪತ್ರಿಕೆಗಳಲ್ಲಿ ಆ ಪದ ಕಂಡರೆ ಸಾಮಾನ್ಯವಾಗಿ ಅದರ ಹಿಂದೊಂದು ಮೂಗು ಮುರಿಯುವಿಕೆ ಇರುತ್ತದೆ. ದುಡ್ಡಿದೆ, ಅಭಿರುಚಿ ಇಲ್ಲ ಎಂಬ ಧ್ವನಿ. ಹುಟ್ಟಿದಾಗ ಅದು ಹಾಗಿರಲಿಲ್ಲ. ತೊಟ್ಟವರು ತಾವೇ ಹೆಮ್ಮೆಯಿಂದ ಹೇಳಿಕೊಂಡ ಮಾತು ನೋಡಿದವರ ಬಾಯಿಗೆ ಬಂದು ಬೈಗುಳವಾದದ್ದು ಹೇಗೆ ಎನ್ನುವುದೇ ಈ ಪದದ ನಿಜವಾದ ಕಥೆ. ಅದಕ್ಕೆ ಸ್ವಲ್ಪ ಊರು, ಸ್ವಲ್ಪ ಅರ್ಥಶಾಸ್ತ್ರ, ಸ್ವಲ್ಪ ಭೌತಶಾಸ್ತ್ರ ಎಲ್ಲವೂ ಬೇಕು.

ಊರು ಅಮೆರಿಕದ ನ್ಯೂ ಆರ್ಲಿಯನ್ಸ್. ಅಲ್ಲಿ ಬ್ರಯಾನ್ ಮತ್ತು ರೊನಾಲ್ಡ್ ವಿಲಿಯಮ್ಸ್ ಎಂಬ ಅಣ್ಣತಮ್ಮಂದಿರು 1991ರಲ್ಲಿ ಕ್ಯಾಶ್ ಮನಿ ರೆಕಾರ್ಡ್ಸ್ ಎಂಬ ಸಣ್ಣ ಸಂಗೀತ ಕಂಪನಿ ತೆರೆದರು. ಸರ್ಕಾರಿ ವಸತಿ ಸಮುಚ್ಚಯಗಳ ಓಣಿಗಳಲ್ಲಿ ಬೆಳೆದ ಕಪ್ಪು ಹುಡುಗರೇ ಅವರ ಗಾಯಕರು. ಕೆಲವು ವರ್ಷ ಊರಿನ ಸುತ್ತಮುತ್ತಲೇ ಹೆಸರು ಮಾಡಿಕೊಂಡಿದ್ದ ಕಂಪನಿ 1998ರಲ್ಲಿ ಯೂನಿವರ್ಸಲ್ ಎಂಬ ದೊಡ್ಡ ಸಂಗೀತ ಕಂಪನಿಯ ಜತೆ ಒಪ್ಪಂದ ಮಾಡಿಕೊಂಡಿತು. ಮೊತ್ತ ಮೂರು ಕೋಟಿ ಡಾಲರ್ ಎಂದು ವರದಿಯಾಯಿತು. ಅದಕ್ಕಿಂತ ದೊಡ್ಡ ಸಂಗತಿ, ಹಾಡುಗಳ ಮೂಲಪ್ರತಿಯ ಒಡೆತನವನ್ನು ಅಣ್ಣತಮ್ಮಂದಿರು ತಮ್ಮಲ್ಲೇ ಉಳಿಸಿಕೊಂಡದ್ದು. ಮರುವರ್ಷ ಆ ಕಂಪನಿಯ ಬಿ.ಜಿ. ಎಂಬ ಹೆಸರಿನ ಗಾಯಕ, ಪೂರ್ಣ ಹೆಸರು ಕ್ರಿಸ್ಟೊಫರ್ ಡಾರ್ಸಿ, ‘ಬ್ಲಿಂಗ್ ಬ್ಲಿಂಗ್’ ಎಂಬ ಹಾಡು ತಂದ. ಅವನಿಗಿನ್ನೂ 18 ವರ್ಷ. ಪಲ್ಲವಿ ಹಾಡಿದ ಲಿಲ್ ವೇಯ್ನ್ ಅವನಿಗಿಂತ ಎರಡು ವರ್ಷ ಚಿಕ್ಕವನು. ನಮ್ಮ ಲೆಕ್ಕದಲ್ಲಿ ಪಿಯುಸಿ ಓದುವ ವಯಸ್ಸಿನ ಹುಡುಗರು, ಕೈಗೆ ಮೊದಲ ಸಲ ದುಡ್ಡು ಬಂದಿದೆ, ಅದನ್ನು ಕೊರಳಿಗೆ ಹಾಕಿಕೊಂಡು ಕನ್ನಡಿ ನೋಡಿಕೊಂಡು ಕುಣಿಯುತ್ತಿದ್ದಾರೆ. ಹಾಡಿನ ಒಟ್ಟು ಭಾವ ಅಷ್ಟೇ.

ಆ ಪದವನ್ನು ಅವರೇ ಸೃಷ್ಟಿಸಿದರು ಎನ್ನಲಾಗದು. 1990ರ ದಶಕದ ಮೊದಲ ಭಾಗದ ಕೆಲವು ಹಾಡುಗಳಲ್ಲೂ ಆ ಸದ್ದು ಅಲ್ಲಲ್ಲಿ ಸಿಗುತ್ತದೆ. ಅದನ್ನು ಊರಿಂದ ಊರಿಗೆ ದಾಟಿಸಿದ್ದು ಮಾತ್ರ ಈ ಹಾಡೇ. 2003ರ ಹೊತ್ತಿಗೆ ಆಕ್ಸ್‌ಫರ್ಡ್ ನಿಘಂಟು ಅದನ್ನು ಸೇರಿಸಿಕೊಂಡದ್ದು ಸುದ್ದಿಯಾಯಿತು. ಲಾಸ್ ಏಂಜಲಿಸ್ ಲೇಕರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಚಾಂಪಿಯನ್‌ಶಿಪ್ ಉಂಗುರದ ಮೇಲೆ ಆ ಪದ ಕಂಡಾಗಲೇ ಇದು ಎಲ್ಲಿಗೋ ಹೋಗಿಬಿಟ್ಟಿದೆ ಎಂದು ತನಗೆ ಗೊತ್ತಾಯಿತು, ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿದ್ದರೆ ಮುಂದೆ ದುಡಿಯುವ ಅಗತ್ಯವೇ ಇರುತ್ತಿರಲಿಲ್ಲ ಎಂಬರ್ಥದಲ್ಲಿ ಬಿ.ಜಿ. ಆಗ ಹೇಳಿಕೊಂಡಿದ್ದ. ಆಡುಮಾತಿಗೆ ಪಟ್ಟಾ ಮಾಡಿಸಿಕೊಳ್ಳುವುದು ಅಷ್ಟು ಸುಲಭವಲ್ಲ, ಆದರೆ ಆ ಹಳಹಳಿಕೆ ಅರ್ಥವಾಗುತ್ತದೆ.

ಪದಕ್ಕಿಂತ ವಸ್ತು ಹಳೆಯದು. ಬಿ.ಜಿ.ಯ ಹಾಡು ಹಿಪ್‌ಹಾಪ್ ಜಾತಿಯದು, ತಾಳಕ್ಕೆ ಪ್ರಾಸ ಕಟ್ಟಿ ಮಾತಿನಂತೆ ಹೇಳುವ ರ‍್ಯಾಪ್ ಅದರ ಜೀವಾಳ. ಹಿಪ್‌ಹಾಪ್ 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿತು ಅನ್ನುವುದು ರೂಢಿ. 1980ರಲ್ಲಿ ಬಂದ, ಕರ್ಟಿಸ್ ಬ್ಲೋ ಎಂಬ ರ‍್ಯಾಪ್ ಗಾಯಕನ ಆಲ್ಬಮ್ಮಿನ ಹೊದಿಕೆಯಲ್ಲಿ ಆತ ಅಂಗಿಯಿಲ್ಲದೆ ಕೊರಳಿಗೆ ಚಿನ್ನದ ಸರಗಳನ್ನು ಹಾಕಿಕೊಂಡು ನಿಂತಿದ್ದಾನೆ. ಅಲ್ಲಿಂದಾಚೆಗೆ ಸರ ದಪ್ಪವಾಗುತ್ತಲೇ ಹೋಯಿತು. ರನ್ ಡಿಎಂಸಿ ತಂಡದವರ ಕೊರಳಲ್ಲಿದ್ದದ್ದು ಹಡಗು ಕಟ್ಟುವ ಹಗ್ಗದಂತೆ ಹೊಸೆದ ಸರ. ಸ್ಲಿಕ್ ರಿಕ್ ಎಂಬಾತ ಒಂದರ ಮೇಲೊಂದು ಹೇರಿಕೊಳ್ಳುತ್ತಿದ್ದ ಒಡವೆಗಳಿಗೆ ಅಲ್ಲಿಯವರು ‘ಟ್ರಕ್ ಜ್ಯುವೆಲರಿ’ ಅಂದರು. ಲಾರಿ ಲೋಡು ಅನ್ನಬಹುದು. ನಮ್ಮ ಕಡೆ ಇದನ್ನು ಕಂಡಿದ್ದರೆ ‘ನಾಯಿ ಚೈನು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ಆ ಕಾಲದ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಡ್ಯಾಪರ್ ಡ್ಯಾನ್ ಎಂಬ ದರ್ಜಿಯ ಅಂಗಡಿ ಇತ್ತು. ದೊಡ್ಡ ಯುರೋಪಿಯನ್ ಬ್ರ್ಯಾಂಡುಗಳ ಮಳಿಗೆಗಳಲ್ಲಿ ಕಪ್ಪು ಗಿರಾಕಿಗೆ ಸಿಗುತ್ತಿದ್ದದ್ದು ಅನುಮಾನದ ನೋಟ. ಆತ ಆ ಬ್ರ್ಯಾಂಡುಗಳ ಗುರುತನ್ನೇ ದೊಡ್ಡದಾಗಿ ಚರ್ಮದ ಮೇಲೆ ಮುದ್ರಿಸಿ, ಬ್ರ್ಯಾಂಡಿನವರು ಕನಸಿನಲ್ಲೂ ಹೊಲಿಯದ ಜಾಕೆಟ್ಟುಗಳನ್ನು ಹೊಲಿದು ಕೊಡುತ್ತಿದ್ದ. 1982ರಲ್ಲಿ ತೆರೆದ ಅಂಗಡಿ ಕಂಪನಿಗಳ ಕಾನೂನು ಕ್ರಮಕ್ಕೆ ಸಿಕ್ಕಿ 1992ರಲ್ಲಿ ಮುಚ್ಚಿತು. 2017ರಲ್ಲಿ ಗುಚ್ಚಿ ಕಂಪನಿಯೇ ಆತನ ಹಳೆಯ ಜಾಕೆಟ್ಟನ್ನು ಹೋಲುವ ಜಾಕೆಟ್ ಪ್ರದರ್ಶಿಸಿ, ಜನ ಬೈದ ಮೇಲೆ ಆತನ ಜತೆ ಕೈಜೋಡಿಸಿತು. ನಕಲು ಯಾವುದು, ಅಸಲು ಯಾವುದು ಎಂದು ಹೇಳುವ ಅಧಿಕಾರ ಯಾರಿಗಿದೆ ಎನ್ನುವ ಪ್ರಶ್ನೆಗೆ ಈ ಅಂಗಡಿಯ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಡುವೆ ಚಿನ್ನಕ್ಕೆ ಒಂದು ಬಿಡುವೂ ಸಿಕ್ಕಿತು. ದಕ್ಷಿಣ ಆಫ್ರಿಕಾ ಆಗ ಜಗತ್ತಿಗೆ ಅತಿ ಹೆಚ್ಚು ಚಿನ್ನ ಕೊಡುತ್ತಿದ್ದ ದೇಶ, ವರ್ಣಭೇದದ ಆಳ್ವಿಕೆಯ ದೇಶವೂ ಹೌದು. 1985ರಲ್ಲಿ ಅಮೆರಿಕ ಅಲ್ಲಿನ ಕ್ರುಗರ್‌ರಾಂಡ್ ಚಿನ್ನದ ನಾಣ್ಯದ ಆಮದನ್ನು ನಿಷೇಧಿಸಿತು. 1980ರ ದಶಕದ ಕೊನೆಗೆ ಹಲವು ರ‍್ಯಾಪ್ ಗಾಯಕರು ಚಿನ್ನ ತೆಗೆದಿಟ್ಟು ಆಫ್ರಿಕಾ ಖಂಡದ ಆಕಾರದ ಚರ್ಮದ ಪದಕ ತೊಟ್ಟರು. ಕೆಂಪು, ಹಸಿರು, ಕಪ್ಪು ಬಣ್ಣದ, ಕೆಲವೇ ಡಾಲರಿನ ಪದಕ. ಅದೂ ಎದುರಿನವರಿಗೆ ಕಾಣಲೆಂದೇ ಹಾಕಿಕೊಂಡದ್ದು. ಕೊರಳು ಒಂದು ನೋಟಿಸ್ ಬೋರ್ಡು ಅನ್ನುವುದು ಬದಲಾಗಲಿಲ್ಲ, ಅಂಟಿಸಿದ ಚೀಟಿ ಬದಲಾಯಿತು.

ಇದೇ ಕಾಲದ ಟಿವಿ ನಟ ಮಿಸ್ಟರ್ ಟಿ ಅವರನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಎದೆ ಮುಚ್ಚುವಷ್ಟು ಸರ ಹಾಕಿಕೊಳ್ಳುತ್ತಿದ್ದ ಅವರು, ತಮ್ಮ ಪೂರ್ವಿಕರನ್ನು ಕಬ್ಬಿಣದ ಸರಪಳಿ ಹಾಕಿ ತಂದರು, ಅದರ ನೆನಪಿಗೆ ಇದು ಎನ್ನುತ್ತಿದ್ದರು. 2005ರಲ್ಲಿ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸನ್ನು ಮುಳುಗಿಸಿತು. ಎಲ್ಲ ಕಳೆದುಕೊಂಡ ಜನರನ್ನು ನೋಡಿ ಬಂದ ಮೇಲೆ ಅಷ್ಟು ಚಿನ್ನ ತೊಡುವುದು ದೇವರಿಗೆ ಒಪ್ಪದ ಕೆಲಸ ಎಂದು ಹೇಳಿ ಅವರು ಸರಗಳನ್ನು ತೆಗೆದಿಟ್ಟರು. ಬ್ಲಿಂಗ್ ಪದದ ತವರೂರೇ ಅವರ ಬ್ಲಿಂಗನ್ನು ಇಳಿಸಿತು.

ಅದೇ ಊರಿನ ಇನ್ನೊಂದು ಹಳೆಯ ಸಂಗತಿ. 1786ರಲ್ಲಿ, ಲೂಯಿಸಿಯಾನ ಇನ್ನೂ ಸ್ಪೇನಿನ ಕೈಯಲ್ಲಿದ್ದಾಗ, ಎಸ್ತೆಬಾನ್ ಮಿರೊ ಎಂಬ ಗವರ್ನರ್ ಒಂದು ಆಜ್ಞೆ ಹೊರಡಿಸಿದ. ಜೀತದಲ್ಲಿರದ, ಸ್ವತಂತ್ರರಾಗಿದ್ದ ಕಪ್ಪು ಮತ್ತು ಮಿಶ್ರವರ್ಣದ ಹೆಂಗಸರು ತಲೆಗೂದಲಲ್ಲಿ ಗರಿ, ಒಡವೆ ಮುಡಿಯಬಾರದು, ಟಿಯೋನ್ ಎಂಬ ಬಟ್ಟೆಯಿಂದ ತಲೆ ಕಟ್ಟಿಕೊಳ್ಳಬೇಕು ಎಂದು. ಅವರ ಬೆಡಗು ಬಿಳಿಯ ಹೆಂಗಸರ ಬೆಡಗನ್ನು ಮೀರುತ್ತಿದೆ ಎನ್ನುವುದೇ ಒಳಗಿನ ಸಂಕಟ. ಹೆಂಗಸರು ಆಜ್ಞೆಯನ್ನು ಅಕ್ಷರಶಃ ಪಾಲಿಸಿದರು. ಸಿಕ್ಕ ಅತ್ಯುತ್ತಮ ಬಟ್ಟೆ ತಂದು, ಎತ್ತರಕ್ಕೆ ಸುತ್ತಿ, ಕಣ್ಣು ಕುಕ್ಕುವ ಬಣ್ಣಗಳಲ್ಲಿ ಕಟ್ಟಿಕೊಂಡರು. ಅವಮಾನಕ್ಕೆಂದು ಕೊಟ್ಟ ಬಟ್ಟೆ ಊರಿನ ಫ್ಯಾಷನ್ ಆಯಿತು.

ಯಾರು ಏನು ತೊಡಬೇಕೆಂದು ಮೇಲಿನವರು ಕೆಳಗಿನವರಿಗೆ ಹೇಳುವ ಚಟ ನಮಗೂ ಹೊಸದಲ್ಲ. ಪಕ್ಕದ ಕೇರಳದಲ್ಲಿ ದಲಿತ ಹೆಂಗಸರು ಚಿನ್ನ ತೊಡುವಂತಿರಲಿಲ್ಲ, ಕಲ್ಲಿನ ಮಾಲೆ ಹಾಕಬೇಕಿತ್ತು. 1915ರಲ್ಲಿ ದಲಿತ ನಾಯಕ ಅಯ್ಯಂಕಾಳಿಯವರ ಮಾತಿಗೆ ಅವರು ಆ ಮಾಲೆಗಳನ್ನು ಕಿತ್ತೆಸೆದರು. ಒಡವೆಯನ್ನು ಬರೀ ಒಣ ಜಂಭ ಎಂದು ತಳ್ಳಿಹಾಕುವ ಮೊದಲು ಇವೆರಡನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಅರ್ಥಶಾಸ್ತ್ರ. ನಾರ್ವೆಯಿಂದ ಬಂದ ರೈತ ಕುಟುಂಬದ ಮಗ, ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್ 1899ರಲ್ಲಿ, ಅಂದರೆ ಬಿ.ಜಿ.ಯ ಹಾಡಿಗೆ ಸರಿಯಾಗಿ ನೂರು ವರ್ಷ ಮೊದಲು, ಅಮೆರಿಕದ ಹೊಸ ಶ್ರೀಮಂತರ ಬಗ್ಗೆ ಒಂದು ಪುಸ್ತಕ ಬರೆದ. ತೋರಿಕೆಯ ಖರ್ಚು ಎಂದು ನಾವು ಕರೆಯಬಹುದಾದ ಪರಿಕಲ್ಪನೆ ಅವನದು. ಬೆಳ್ಳಿ ಚಮಚದಿಂದ ಸೂಪು ಹೆಚ್ಚು ರುಚಿಯಾಗುವುದಿಲ್ಲ. ಚಮಚ ಬೆಳ್ಳಿಯದು ಎಂದು ಎದುರಿಗೆ ಕೂತವರಿಗೆ ತಿಳಿಯುವುದೇ ಅದರ ಕೆಲಸ. ವೆಬ್ಲೆನ್ ಹೇಳಿದ ಇನ್ನೊಂದು ಮಾತು ನನಗೆ ಹೆಚ್ಚು ಉಪಯುಕ್ತ ಅನ್ನಿಸುತ್ತದೆ. ಹಳ್ಳಿಯಲ್ಲಿ ಯಾರ ಹೊಲ ಎಷ್ಟು, ಯಾರ ಸಾಲ ಎಷ್ಟು ಎಲ್ಲರಿಗೂ ಗೊತ್ತು. ಪಟ್ಟಣದಲ್ಲಿ ದಿನವೂ ಎದುರಾಗುವವರು ಅಪರಿಚಿತರು, ಅವರು ನಿಮ್ಮನ್ನು ಅಳೆಯಲು ಸಿಗುವುದು ಅರೆ ಗಳಿಗೆ. ಹಾಗಾಗಿ ಪಟ್ಟಣ ಬೆಳೆದಂತೆ ಮೈಮೇಲಿನ ಖರ್ಚು ಬೆಳೆಯುತ್ತದೆ. ಗಂಡನ ಸಿರಿಯನ್ನು ಹೆಂಡತಿಯ ಕೊರಳು ಸಾರುತ್ತದೆ ಎಂಬುದನ್ನೂ ಅವನು ಗುರುತಿಸಿದ್ದ. ನಮ್ಮ ಕಲ್ಯಾಣಮಂಟಪಗಳಲ್ಲಿ ಮುಂದಿನ ಸಾಲಿನಲ್ಲಿ ಕೂತವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಆದರೆ ವೆಬ್ಲೆನ್ ಬರೆದದ್ದು ಬ್ಯಾಂಕಿನಲ್ಲಿ ಹಣ, ಊರಾಚೆ ಬಂಗಲೆ ಎರಡೂ ಇದ್ದವರ ಬಗ್ಗೆ. ಅವೆರಡೂ ಇಲ್ಲದವರು ಯಾಕೆ ತೋರಿಸಿಕೊಳ್ಳುತ್ತಾರೆ? ಅಮೆರಿಕದಲ್ಲಿ 1930ರ ದಶಕದಿಂದ ಗೃಹಸಾಲದ ನಕ್ಷೆಗಳಲ್ಲಿ ಕಪ್ಪು ಜನರಿದ್ದ ಬಡಾವಣೆಗಳನ್ನು ಕೆಂಪು ಬಣ್ಣದಲ್ಲಿ ಗುರುತಿಸಿ ಅಪಾಯದ ಜಾಗ ಎಂದು ಬರೆಯುತ್ತಿದ್ದರು. ವಸತಿಯಲ್ಲಿ ತಾರತಮ್ಯ ಮಾಡಬಾರದೆಂಬ ಕಾನೂನು ಬಂದದ್ದು 1968ರಲ್ಲಿ. ಮನೆ ಎನ್ನುವುದು ಅಲ್ಲಿನ ಮಧ್ಯಮವರ್ಗ ಆಸ್ತಿ ಕೂಡಿಡುವ ಮುಖ್ಯ ದಾರಿ. ಆ ದಾರಿಗೆ ಮುಳ್ಳು ಹಾಕಿದರೆ ಹಣ ಬೇರೆ ಕಡೆ ಹೋಗುತ್ತದೆ. ಹೊತ್ತೊಯ್ಯಬಹುದಾದ, ಅಡ ಇಡಬಹುದಾದ, ಬಾಡಿಗೆ ಮನೆಯಲ್ಲಿದ್ದರೂ ತನ್ನದೇ ಆಗಿರುವ ವಸ್ತುವಿನ ಕಡೆಗೆ.

ಕರ್ವಿನ್ ಚಾರ್ಲ್ಸ್, ಎರಿಕ್ ಹರ್ಸ್ಟ್, ನಿಕೊಲಾಯ್ ರೂಸಾನೊವ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಲೆಕ್ಕಕ್ಕೆ ಹಿಡಿಯಿತು. ಸಮಾನ ಆದಾಯದ ಬಿಳಿಯರಿಗೆ ಹೋಲಿಸಿದರೆ ಕಪ್ಪು ಕುಟುಂಬಗಳು ಬಟ್ಟೆ, ಒಡವೆ, ಕಾರು ಈ ಮೂರರ ಮೇಲೆ ಸುಮಾರು ಕಾಲು ಭಾಗ ಹೆಚ್ಚು ಖರ್ಚು ಮಾಡುತ್ತವೆ ಎಂದು ಕಂಡಿತು. ಇಷ್ಟೇ ಓದಿ ‘ನೋಡಿ, ನಾನು ಹೇಳಿರಲಿಲ್ಲವಾ’ ಅನ್ನುವವರು ಮುಂದಿನ ಭಾಗ ಬಿಟ್ಟುಬಿಡುತ್ತಾರೆ. ಆ ಅಧ್ಯಯನದ ತಿರುಳು ಇರುವುದೇ ಅಲ್ಲಿ: ಸುತ್ತಲಿನ ನಿಮ್ಮ ಜನ ಎಷ್ಟು ಬಡವರೋ ಅಷ್ಟು ಹೆಚ್ಚು ನೀವು ಕಾಣುವ ವಸ್ತುಗಳಿಗೆ ಸುರಿಯುತ್ತೀರಿ, ಯಾಕೆಂದರೆ ‘ನಾನು ಆ ಲೆಕ್ಕದಲ್ಲಿಲ್ಲ’ ಎಂದು ಹೇಳುವ ಅಗತ್ಯ ನಿಮಗೆ ಹೆಚ್ಚು. ಬಡ ರಾಜ್ಯಗಳ ಬಿಳಿಯರೂ ಹಾಗೇ ಮಾಡುತ್ತಾರೆ. ಚರ್ಮದ ಬಣ್ಣಕ್ಕಿಂತ ಪಕ್ಕದ ಮನೆಯ ಆದಾಯ ಈ ಖರ್ಚನ್ನು ಹೆಚ್ಚು ವಿವರಿಸುತ್ತದೆ.

ಇನ್ನು ವಸ್ತುವಿಗೇ ಬರೋಣ. 1990ರ ದಶಕದ ಕೊನೆಗೆ ಹಳದಿ ಚಿನ್ನ ಹಿಂದೆ ಸರಿದು ಪ್ಲಾಟಿನಂ, ಬಿಳಿ ಚಿನ್ನ, ವಜ್ರ ಮುಂದೆ ಬಂದವು. ವಜ್ರಕ್ಕೆ ಅಮೆರಿಕದ ಕಳ್ಳಕಾಕರ ಆಡುಮಾತಿನಲ್ಲಿ ಬಹಳ ಹಿಂದಿನಿಂದಲೂ ‘ಐಸ್’ ಅನ್ನುತ್ತಿದ್ದರು. ಮೈತುಂಬ ವಜ್ರ ಕೂರಿಸಿದ ಒಡವೆಗೆ ‘ಐಸ್ಡ್ ಔಟ್’. ನೋಡಲು ಹಿಮದ ಹಾಗಿದೆ ಅನ್ನುವುದು ಸರಿ, ಆದರೆ ಮುಟ್ಟಿದರೂ ವಜ್ರ ತಣ್ಣಗೇ ಇರುತ್ತದೆ. ಶಾಖವನ್ನು ಅದು ತಾಮ್ರಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಸಾಗಿಸುತ್ತದೆ, ಹಾಗಾಗಿ ಬೆರಳಿನ ಬಿಸಿಯನ್ನು ಚಕ್ಕನೆ ಎಳೆದುಕೊಳ್ಳುತ್ತದೆ. ಗಾಜಿನ ಹರಳು ಅಷ್ಟು ಬೇಗ ಎಳೆಯುವುದಿಲ್ಲ. ಕಳ್ಳರಿಟ್ಟ ಹೆಸರಿನಲ್ಲಿ ಭೌತಶಾಸ್ತ್ರ ಕೂತಿದೆ.

ಒಡವೆಯವರು ಬಳಸುವ ಪೆನ್ನಿನಾಕಾರದ ವಜ್ರ ಪರೀಕ್ಷಕ ನಡೆಯುವುದೂ ಇದೇ ಗುಣದ ಮೇಲೆ. ಬಿಸಿಯಾದ ಮೊನೆಯನ್ನು ಹರಳಿಗೆ ತಾಗಿಸಿದಾಗ ಬಿಸಿ ಎಷ್ಟು ಬೇಗ ಓಡಿಹೋಗುತ್ತದೆ ಎಂದು ನೋಡುತ್ತದೆ. ಪ್ರಸಿದ್ಧರ ಸರಕ್ಕೆ ಕ್ಯಾಮೆರಾದ ಮುಂದೆಯೇ ಈ ಪೆನ್ನು ತಾಗಿಸಿ ಬೀಪ್ ಕೇಳಿಸುವುದು ಈಗ ಒಂದು ವಿಡಿಯೊ ಪ್ರಕಾರವೇ ಆಗಿದೆ. ಹೊಳಪಿಗೆ ಕೊನೆಗೂ ಒಂದು ನಿಜವಾದ ಸದ್ದು ಬಂತು ಅನ್ನಬಹುದು. ಆದರೆ ಮೊಯ್ಸನೈಟ್ ಎಂಬ ಹರಳು, ಸಿಲಿಕಾನ್ ಮತ್ತು ಇಂಗಾಲದ ಸಂಯುಕ್ತ, ಶಾಖವನ್ನು ಸಾಗಿಸುವುದರಲ್ಲಿ ವಜ್ರಕ್ಕೆ ಹತ್ತಿರ ಇರುವುದರಿಂದ ಹಳೆಯ ಪರೀಕ್ಷಕಗಳನ್ನು ಯಾಮಾರಿಸುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವಂತೂ ಯಾಮಾರಿಸುವ ಪ್ರಶ್ನೆಯೇ ಇಲ್ಲ, ಅದು ವಜ್ರವೇ. ಅದರ ಬೆಲೆ ಕೆಲವೇ ವರ್ಷಗಳಲ್ಲಿ ದಬಕ್ಕನೆ ಬಿತ್ತು. ಬೆಲೆ ಬಿದ್ದರೂ ಹೊಳಪು ಅಷ್ಟೇ ಇದೆ. ಆಗ ತೋರಿಸುತ್ತಿರುವುದು ಏನನ್ನು ಎಂಬ ಪ್ರಶ್ನೆ ತೊಟ್ಟವರಿಗೇ ಬಿಟ್ಟದ್ದು.

ಐಸ್ಡ್ ಔಟ್ ಒಡವೆಯಲ್ಲಿ ಒಂದು ದೊಡ್ಡ ಕಲ್ಲಿಗಿಂತ ನೂರಾರು ಪುಟ್ಟ ಕಲ್ಲುಗಳಿಗೆ ಹೆಚ್ಚು ಕೆಲಸ. ಒಂದೊಂದು ಒಂದೂವರೆ, ಎರಡು ಮಿಲಿಮೀಟರ್. ಲೋಹವೇ ಕಾಣದಂತೆ ಒತ್ತೊತ್ತಾಗಿ, ಕಲ್ಲು ಹಾಸಿದ ರಸ್ತೆಯ ಹಾಗೆ ಕೂರಿಸುತ್ತಾರೆ. ಇಂಥ ಪುಟ್ಟ ಕಲ್ಲುಗಳನ್ನು ಅಗ್ಗವಾಗಿ ಕತ್ತರಿಸಿ ಮೆರುಗು ಕೊಡಬಲ್ಲ ಊರು ಸೂರತ್. ಸಂಖ್ಯೆಯ ಲೆಕ್ಕದಲ್ಲಿ ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಭಾರತದಲ್ಲೇ ಮೆರುಗು ಪಡೆಯುತ್ತವೆ, ಅದರಲ್ಲಿ ಬಹುಪಾಲು ಸೂರತ್ತಿನಲ್ಲಿ. ವಜ್ರದ ಅಂಗಡಿಗಳಿಗೇ ಹೆಸರಾದ ನ್ಯೂಯಾರ್ಕಿನ 47ನೇ ಬೀದಿಯ ಅಂಗಡಿಯಲ್ಲಿ ಕುಣಿಯುವ ಸರದ ಹೊಳಪನ್ನು ತಿಕ್ಕಿದವನು ಗುಜರಾತಿನ ಯಾವುದೋ ಮಹಡಿಯಲ್ಲಿ ಚಕ್ರದ ಮುಂದೆ ಬಗ್ಗಿ ಕೂತಿರಬಹುದು. ಆ ವಜ್ರದ ಪೇಟೆಯಿಂದ ಶುರುಮಾಡಿ ಹೆಸರಾಂತ ವ್ಯಾಪಾರಿಯಾದ ಜೇಕಬ್ ಅರಾಬೊ ತಾಷ್ಕೆಂಟಿನಿಂದ ವಲಸೆ ಬಂದವರು. ಹಲ್ಲಿನ ಮೇಲೆ ಕೂರಿಸುವ ‘ಗ್ರಿಲ್ಸ್’ ಎಂಬ ಚಿನ್ನದ ಕವಚಕ್ಕೆ ಹ್ಯೂಸ್ಟನ್‌ನಲ್ಲಿ ಹೆಸರು ಮಾಡಿದ ಜಾನಿ ಡ್ಯಾಂಗ್ ವಿಯೆಟ್ನಾಮಿನವರು. ಕೊಳ್ಳುವವರು, ಮಾಡುವವರು, ತಿಕ್ಕುವವರು ಎಲ್ಲರೂ ಎಲ್ಲಿಂದಲೋ ಎಲ್ಲಿಗೋ ಬಂದು ಸೇರಿದವರೇ.

ನಮ್ಮವರಿಗೆ ಇಲ್ಲಿ ಒಂದು ವಿಷಯ ವಿಚಿತ್ರವಾಗಿ ಕಾಣುತ್ತದೆ. ಅಮೆರಿಕದಲ್ಲಿ 10 ಕ್ಯಾರಟ್, 14 ಕ್ಯಾರಟ್ ಚಿನ್ನವೇ ಸಾಮಾನ್ಯ. 10 ಕ್ಯಾರಟ್ ಅಂದರೆ ನೂರಕ್ಕೆ 42ಕ್ಕಿಂತ ಕಡಿಮೆ ಚಿನ್ನ, ಉಳಿದದ್ದು ಬೆರಕೆ. 916ರ ಗುರುತು ನೋಡದೆ ಉಂಗುರ ಕೊಳ್ಳದ ನಮ್ಮ ಕಡೆಯ ಅತ್ತೆಯಂದಿರ ಕೈಗೆ ಅದನ್ನು ಕೊಟ್ಟರೆ ‘ಇದೂ ಚಿನ್ನವೇನಪ್ಪಾ?’ ಅಂದಾರು. ವ್ಯತ್ಯಾಸ ಬರೀ ಶುದ್ಧಿಯದಲ್ಲ. ನಮ್ಮಲ್ಲಿ ಒಡವೆ ಅಂದರೆ ಕಷ್ಟಕಾಲಕ್ಕೆ ಒದಗುವ ಗಂಟು. ಮಗಳ ಫೀಸಿಗೆ, ಬೋರ್‌ವೆಲ್ಲಿಗೆ ಅಡ ಇಡುತ್ತೇವೆ, ಬಿಡಿಸಿಕೊಳ್ಳುತ್ತೇವೆ, ಮತ್ತೆ ಇಡುತ್ತೇವೆ. ವಜ್ರದ ಸರವನ್ನು ಅಂಗಡಿಯಿಂದ ತಂದ ಮರುದಿನ ಮಾರಲು ಹೋದರೆ ಕೊಟ್ಟ ಬೆಲೆಯ ದೊಡ್ಡ ಪಾಲು ಹೋಗಿರುತ್ತದೆ. ಕೈಗಡಿಯಾರಕ್ಕೆ ಹೊರಗಿನವರಿಂದ ವಜ್ರ ಕೂರಿಸಿ ‘ಬಸ್ಟ್ ಡೌನ್’ ಮಾಡಿಸಿದರೆ ತಯಾರಕರ ಖಾತರಿಯೂ ಹೋಯಿತು. ಉಳಿತಾಯ ಎಂಬ ದೃಷ್ಟಿಯಿಂದ ಬ್ಲಿಂಗ್ ಕೆಟ್ಟ ಬಾಬತ್ತು. ಸಂಗೀತದ ವ್ಯಾಪಾರದಲ್ಲಿ ಅದು ಬಂಡವಾಳ, ಅಂಗಡಿಯ ಬೋರ್ಡಿಗೆ ಹಾಕಿದ ದುಡ್ಡಿನ ಹಾಗೆ. ಗೆದ್ದವನಂತೆ ಕಾಣದವನ ಹಾಡು ಯಾರು ಕೇಳುತ್ತಾರೆ?

ಬ್ಲಿಂಗ್ ಪದ ಮೇಲೇರುತ್ತಿದ್ದ ಹೊತ್ತಿಗೇ ವಜ್ರದ ಇನ್ನೊಂದು ಮುಖ ಹೊರಬಂತು. ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ನಡೆದ ಅಂತರ್ಯುದ್ಧದಲ್ಲಿ ಬಂಡುಕೋರರು ವಜ್ರ ಮಾರಿ ಬಂದೂಕು ಕೊಂಡರು, ಜನರ ಕೈ ಕಡಿದರು. ಅದನ್ನು ತಡೆಯಲೆಂದು ಕಿಂಬರ್ಲಿ ಪ್ರಮಾಣಪತ್ರದ ವ್ಯವಸ್ಥೆ 2003ರಲ್ಲಿ ಜಾರಿಗೆ ಬಂತು. 2005ರಲ್ಲಿ ರ‍್ಯಾಪ್ ಗಾಯಕ ಕಾನ್ಯೆ ವೆಸ್ಟ್ ಆ ದೇಶದ ಹೆಸರನ್ನೇ ತನ್ನ ಹಾಡಿನ ಶೀರ್ಷಿಕೆಯಲ್ಲಿ ತಂದ.

ಪದ ಮಾತ್ರ ಅಷ್ಟರಲ್ಲಿ ಸಮುದ್ರ ದಾಟಿತ್ತು. ದಾಟುವಾಗ ದನಿ ಬದಲಾಯಿತು. ಫ್ರಾನ್ಸಿನಲ್ಲಿ 2007ರ ಮೇನಲ್ಲಿ ನಿಕೊಲಾ ಸಾರ್ಕೋಜಿ ಅಧ್ಯಕ್ಷರಾಗಿ ಗೆದ್ದ ರಾತ್ರಿ ಪ್ಯಾರಿಸಿನ ದುಬಾರಿ ಫುಕೆಟ್ಸ್ ಹೋಟೆಲಿನಲ್ಲಿ ಸಂಭ್ರಮಿಸಿದರು, ಆಮೇಲೆ ಉದ್ಯಮಿ ಮಿತ್ರರೊಬ್ಬರ ವಿಹಾರ ನೌಕೆಯಲ್ಲಿ ಮಾಲ್ಟಾದ ಬಳಿ ವಿಶ್ರಾಂತಿಗೆ ಹೋದರು. ರೋಲೆಕ್ಸ್ ಗಡಿಯಾರ, ರೇಬ್ಯಾನ್ ಕನ್ನಡಕ, ಮರುವರ್ಷ ರೂಪದರ್ಶಿ ಗಾಯಕಿ ಕಾರ್ಲಾ ಬ್ರೂನಿ ಜತೆ ಮದುವೆ. ಪತ್ರಿಕೆಗಳು ಅವರಿಗೆ ಇಟ್ಟ ಹೆಸರು ‘ಬ್ಲಿಂಗ್ ಬ್ಲಿಂಗ್ ಅಧ್ಯಕ್ಷ’. 2009ರಲ್ಲಿ ಅವರ ಆಪ್ತ, ಜಾಹೀರಾತು ಉದ್ಯಮಿ ಜಾಕ್ ಸೆಗೆಲಾ ಟಿವಿಯಲ್ಲಿ ಅವರ ಪರ ವಹಿಸಲು ಹೋಗಿ, 50 ವರ್ಷವಾದರೂ ಒಂದು ರೋಲೆಕ್ಸ್ ಇಲ್ಲ ಅಂದರೆ ಬದುಕಿನಲ್ಲಿ ಸೋತ ಹಾಗೆ ಎಂದುಬಿಟ್ಟ. ಉರಿಯುವ ಬೆಂಕಿಗೆ ತುಪ್ಪ.

ಗಮನಿಸಿ: ಹಣವಂತ ಅಧ್ಯಕ್ಷರು ಫ್ರಾನ್ಸಿಗೆ ಹೊಸಬರಲ್ಲ. ಹಳೆಯ ಶ್ರೀಮಂತರ ಮನೆಗಳಲ್ಲಿ ಅಜ್ಜನ ಕಾಲದ ಕುರ್ಚಿ, ಮಾಸಿದ ಚಿತ್ರಪಟ, ಒಳ್ಳೆಯ ದ್ರಾಕ್ಷಾರಸ ಇವೆಲ್ಲ ಇರುತ್ತವೆ, ಅವು ರೋಲೆಕ್ಸಿಗಿಂತ ದುಬಾರಿ. ಆದರೆ ಅವುಗಳ ಬೆಲೆ ತಿಳಿಯಲು ನೀವೂ ಅಂಥದೇ ಮನೆಯಲ್ಲಿ ಹುಟ್ಟಿರಬೇಕು. ಬ್ಲಿಂಗಿನ ತಪ್ಪು ಅದರ ಬೆಲೆ ಎಲ್ಲರಿಗೂ ತಿಳಿಯುತ್ತದೆ ಎಂಬುದು. ಹಾನ್, ನೂನ್ಸ್, ಡ್ರೇಸ್ ಎಂಬ ಸಂಶೋಧಕರು 2010ರಲ್ಲಿ ಐಷಾರಾಮಿ ಬ್ರ್ಯಾಂಡುಗಳ ಚೀಲಗಳನ್ನು ಅಳೆದು ನೋಡಿದರು. ಒಂದೇ ಕಂಪನಿಯ ಚೀಲಗಳಲ್ಲೂ ಬೆಲೆ ಏರಿದಂತೆ ಲಾಂಛನ ಸಣ್ಣದಾಗುತ್ತದೆ. ದೊಡ್ಡ ಅಕ್ಷರ ಬೇಕಾದವರು ಕಡಿಮೆ ಕೊಡುತ್ತಾರೆ, ಸಣ್ಣ ಅಕ್ಷರಕ್ಕೆ ಹೆಚ್ಚು. 2023ರ ಸುಮಾರಿಗೆ ‘ಸದ್ದಿಲ್ಲದ ಐಷಾರಾಮ’ ಎಂಬ ಮಾತು ಫ್ಯಾಷನ್ ಪತ್ರಿಕೆಗಳಲ್ಲಿ ಓಡಾಡಿತು: ಲಾಂಛನವಿಲ್ಲದ ಬೂದು ಸ್ವೆಟರು, ಬೆಲೆ ಮಾತ್ರ ಒಂದು ಸ್ಕೂಟರಿನದು. ಅದೂ ತೋರಿಕೆಯೇ. ಪ್ರೇಕ್ಷಕರನ್ನು ಆರಿಸಿಕೊಂಡಿದೆ, ಅಷ್ಟೇ.

ಹೊರಗಿನವರ ಬಾಯಿಗೆ ಬಂದ ಮೇಲೆ ಹುಟ್ಟಿಸಿದವರು ಆ ಪದವನ್ನು ಕೈಬಿಟ್ಟರು. ಆಡುಮಾತಿನ ಆಯುಸ್ಸು ಅಷ್ಟು. ಹೆಡ್‌ಮಾಸ್ತರರು ಬಳಸಲು ಶುರುಮಾಡಿದ ದಿನ ಹುಡುಗರು ನಿಲ್ಲಿಸುತ್ತಾರೆ. ‘ಫ್ಲೆಕ್ಸ್’ ಬಂತು, ತೋಳಿನ ಸ್ನಾಯು ಉಬ್ಬಿಸಿ ತೋರಿಸುವುದರಿಂದ. (ನಮ್ಮಲ್ಲಿ ಫ್ಲೆಕ್ಸ್ ಅಂದರೆ ಸರ್ಕಲ್ಲಿನಲ್ಲಿ ಕಟ್ಟುವ ಹುಟ್ಟುಹಬ್ಬದ ಬ್ಯಾನರು. ಬೇರು ಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ.) ಅಟ್ಲಾಂಟಾದ ಕಡೆಯಿಂದ ‘ಡ್ರಿಪ್’ ಬಂತು, ಮೈಯಿಂದ ಶೈಲಿ ತೊಟ್ಟಿಕ್ಕುತ್ತಿದೆ ಎಂಬ ಭಾವ. ಈ ಹೊತ್ತಿಗೆ ಇವೂ ಸ್ವಲ್ಪ ಹಳಸಿವೆ.

ಇಷ್ಟೆಲ್ಲ ಓದಿದ ಮೇಲೆ ನನಗೆ ಉಳಿದದ್ದು ಅನುವಾದಕರ ತಲೆನೋವು. ಬ್ಲಿಂಗಿಗೆ ಕನ್ನಡದಲ್ಲಿ ಏನನ್ನುವುದು? ನಮ್ಮಲ್ಲಿ ಪದಗಳಿಗೇನು ಬರ. ಶೋಕಿ, ಡೌಲು, ಬಿಲ್ಡಪ್ಪು, ಸ್ಕೋಪು, ಬಡಾಯಿ, ಧಿಮಾಕು. ‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ’ ಎಂಬ ಗಾದೆ, ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಇನ್ನೊಂದು. ಸಾಲಾಗಿ ನಿಲ್ಲಿಸಿ ನೋಡಿದರೆ ಎಲ್ಲವೂ ನೋಡುವವರ ಮಾತುಗಳು. ಯಾರೂ ಕನ್ನಡಿಯ ಮುಂದೆ ನಿಂತು ‘ನನ್ನ ಡೌಲು ಎಷ್ಟು ಚೆಂದ’ ಅಂದುಕೊಳ್ಳುವುದಿಲ್ಲ. ನಿಲುವಿಗೆ, ನಡಿಗೆಗೆ ಗತ್ತು, ಠೀವಿ ಎಂಬ ಒಳ್ಳೆಯ ಮಾತುಗಳಿವೆ. ಹೊಸದಾಗಿ ಬಂದ ದುಡ್ಡನ್ನು ಮೈಮೇಲೆ ಹಾಕಿಕೊಂಡವನ ಖುಷಿಗೆ ಅವನ ಕಡೆಯಿಂದ ಹೇಳುವ ಪದ ನಮ್ಮ ಕೋಶದಲ್ಲಿ ಹುಡುಕಬೇಕು. ಅರ್ಧರಾತ್ರಿ ಕೊಡೆ ಹಿಡಿದವನು ಹಗಲಿನಲ್ಲಿ ಕೊಡೆ ಹಿಡಿಯಲು ಊರು ಬಿಟ್ಟಿತ್ತೇ ಎಂದು ಆ ಗಾದೆ ಕೇಳುವುದಿಲ್ಲ. ಹುಡುಗರು ಈಚೆಗೆ ‘ಮಿಂಚಿಂಗ್’ ಅನ್ನುತ್ತಾರೆ, ತಮಗೆ ತಾವೇ ಅನ್ನುತ್ತಾರೆ, ನಗುತ್ತಲೇ ಅನ್ನುತ್ತಾರೆ. ನನಗೆ ಸಿಕ್ಕವುಗಳಲ್ಲಿ ಅದೇ ಹತ್ತಿರ.

ಹಾಗಾಗಿ ಸದ್ಯಕ್ಕೆ ನಾನು ಮಾಡಿಕೊಂಡ ಏರ್ಪಾಡು ಇದು. ಸಾರ್ಕೋಜಿಯವರ ಬಗ್ಗೆ ಬರೆಯುವಾಗ ‘ಶೋಕಿ ಅಧ್ಯಕ್ಷ’ ಅಂದರೆ ಕನ್ನಡಕ್ಕೆ ಸರಿಯಾಗಿ ಕೂರುತ್ತದೆ. ನ್ಯೂ ಆರ್ಲಿಯನ್ಸಿನ ಆ 18 ವರ್ಷದ ಹುಡುಗನ ಹಾಡಿನಲ್ಲಿ ಅದೇ ಪದ ಬಂದಾಗ ಶೋಕಿ ಅನ್ನಲು ಕೈ ಬರುವುದಿಲ್ಲ. ಅಲ್ಲಿ ಥಳಥಳ ಅಂತಲೇ ಬರೆಯುತ್ತೇನೆ.